ಮಾವಿನ ವಾಸನೆಯ ಹೊಗೆ

ಜನವರಿ 12, ಬೆಳಿಗ್ಗೆ 6.30

ತಾರಸಿಯ ಮೇಲೆ ಟ್ರಂಪೆಟ್ ಅಭ್ಯಾಸ ಮುಗಿಯಿತು. ಸುಬ್ರಹ್ಮಣ್ಯಪುರದ ನಾಯಿಗಳೆಲ್ಲ ಎದ್ದವು. ಸಿಗರೇಟ್ ಬಿಟ್ಟು ಇಂದಿಗೆ ಹದಿನೈದು ದಿನ. ಇಪ್ಪತ್ತೆರಡು ವರ್ಷ, ದಿನಕ್ಕೆ ಹನ್ನೆರಡು — ಒಂದೇ ಏಟಿಗೆ ಬಂದ್! ಗೆಳೆಯ ರವಿಕುಮಾರ್ ತಂದುಕೊಟ್ಟ ಎಲೆಕ್ಟ್ರಾನಿಕ್ ಸಿಗರೇಟ್, ಅಂದರೆ ವೇಪ್‌ನ ಮಹಿಮೆ. ಬೆರಳುದ್ದ ಇದೆ, ಎಳೆದರೆ ಮಾವಿನ ರುಚಿ. ನಿಷೇಧವಿದೆ, ಕದ್ದುಮುಚ್ಚಿ ಸಿಗುತ್ತದೆ. ಇರಲಿ. ಬೂದಿಯಿಲ್ಲ, ಕೆಟ್ಟ ವಾಸನೆಯಿಲ್ಲ. ನಾನು ಬಿಟ್ಟೇಬಿಟ್ಟೆ ಅಂತ ಹೆಂಡತಿ ವಿಜಯಲಕ್ಷ್ಮಿ ಅಕ್ಕಪಕ್ಕದವರಿಗೆಲ್ಲ ಹೇಳಿದ್ದಾಳೆ. ವೇಪ್ ವಿಷಯ ಅವಳಿಗೆ ಗೊತ್ತಿಲ್ಲ. ಹೇಳುವ ಅಗತ್ಯವೂ ಕಾಣಲಿಲ್ಲ.

ಜನವರಿ 24

ಬಾಯಿ ಒಣಗುತ್ತದೆ. ಟ್ರಂಪೆಟ್‌ನ ಮೌತ್‌ಪೀಸ್‌ಗೆ ತುಟಿ ಅಂಟಿ ಸ್ವರ ಒಡೆಯುತ್ತದೆ. ನೀರು ಜಾಸ್ತಿ ಕುಡಿದರಾಯಿತು. ಒಂದು ವಿಚಿತ್ರ — ಸಿಗರೇಟ್ ಆದರೆ ಉರಿದು ಮುಗಿಯುತ್ತಿತ್ತು. ಇದು ಮುಗಿಯುವುದೇ ಇಲ್ಲ. ಹಾಸಿಗೆಯಿಂದ ಏಳುವಾಗ, ಬಚ್ಚಲಲ್ಲಿ, ಸಿಗ್ನಲ್‌ನಲ್ಲಿ... ಎಷ್ಟು ಸಲ ಅಂತಲೇ ತಿಳಿಯುವುದಿಲ್ಲ. ಆದರೂ ಹಿಡಿತ ನನ್ನದೇ.

ಫೆಬ್ರವರಿ 5

ಶರ್ಟ್ ಒಗೆಯಲು ತೆಗೆದುಕೊಂಡ ವಿಜಿ ಹಾಗೇ ನಿಂತಳು.

"ರೀ, ಮಾವಿನಹಣ್ಣಿನ ವಾಸನೆ. ಈ ಕಾಲದಲ್ಲಿ ಎಲ್ಲಿ ಸಿಕ್ತು?"

"ಚೂಯಿಂಗ್ ಗಮ್ ಕಣೆ. ಸಿಗರೇಟ್ ನೆನಪಾಗದೆ ಇರ್ಲಿ ಅಂತ."

ನಂಬಿದಳು. ಸಂಜೆ ಬನಶಂಕರಿಯಲ್ಲಿ ಟೀ ಕುಡಿಯುವಾಗ ಒಂದು ಸಿಗರೇಟ್ ಹಚ್ಚಿದೆ. ಒಂದೇ. ನಿನ್ನೆಯೂ ಒಂದೇ.

ಫೆಬ್ರವರಿ 16

ಬೇಗೂರಿನಲ್ಲಿ ಮದುವೆ. ವರ ಮಂಟಪಕ್ಕೆ ಬರುವಾಗ ಉದ್ದ ಸ್ವರ ಹಿಡಿದೆ. ಅರ್ಧಕ್ಕೇ ಉಸಿರು ಕಡಿಯಿತು. ಕೆಮ್ಮು. ಎದೆ ಡವಡವ. ಪಕ್ಕದಲ್ಲಿದ್ದ ಬೈಲಪ್ಪಣ್ಣ — ನಮ್ಮ ಬ್ಯಾಂಡ್ ಕಟ್ಟಿದವರು — ತಕ್ಷಣ ಕ್ಲಾರಿನೆಟ್‌ನಲ್ಲಿ ಆ ಜಾಗ ತುಂಬಿದರು. ಯಾರಿಗೂ ತಿಳಿಯಲಿಲ್ಲ. ಊಟಕ್ಕೆ ಕೂತಾಗ ಕೇಳಿದರು:

"ಏನಾಯ್ತೋ ಪ್ರಸನ್ನ?"

"ಧೂಳು ಅಣ್ಣ."

"ಅದೇ ಧೂಳಲ್ಲಿ ನಾನೂ ನಿಂತಿದ್ನಲ್ಲೋ. ನಂಗೆ ಅರವತ್ತಾರು."

ಎಲೆ ಮೇಲಿನ ಅನ್ನಕ್ಕೆ ಇನ್ನಷ್ಟು ಸಾರು ಹಾಕಿಸಿಕೊಂಡೆ.

ಮಾರ್ಚ್ 1

ಕೊನೆಗೂ ಜೆ.ಪಿ. ನಗರದ ಡಾಕ್ಟರ್ ಹತ್ತಿರ ಹೋದೆ. ಉಸಿರಿನ ಶಕ್ತಿ ಅಳೆಯುವ ಕೊಳವೆಯೊಂದಕ್ಕೆ ಊದಿಸಿದರು. ಟ್ರಂಪೆಟ್‌ನವನು ನಾನು, ಎದೆಯುಬ್ಬಿಸಿ ಊದಿದೆ. ಬಂದ ಅಂಕಿ ನೋಡಿ ಡಾಕ್ಟರ್ ಮೇಡಂ ನಗಲಿಲ್ಲ. ವೇಪ್, ಟೀ ಜೊತೆಗಿನ ಸಿಗರೇಟ್, ಎರಡನ್ನೂ ಹೇಳಿಬಿಟ್ಟೆ.

"ನೀವು ಸಿಗರೇಟ್ ಬಿಟ್ಟಿಲ್ಲ. ಜೊತೆಗೆ ಇನ್ನೊಂದು ಸೇರಿಸ್ಕೊಂಡಿದೀರ, ಅಷ್ಟೆ. ನಿಕೋಟಿನ್ ಎರಡರಲ್ಲೂ ಇದೆ."

ಮನೆಗೆ ಬಂದು ವೇಪನ್ನು ವಿಜಿಯ ಕೈಗಿಟ್ಟೆ. ಎಲ್ಲ ಹೇಳಿದೆ. ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಹದಿನೆಂಟು ವರ್ಷ ಸಿಗರೇಟ್ ವಾಸನೆ ತಡ್ಕೊಂಡೆ. ಆಗ ನೀವು ಸುಳ್ಳು ಹೇಳ್ತಿರ್ಲಿಲ್ಲ ರೀ."

ಬೈದಿದ್ದರೆ ಸುಲಭವಾಗುತ್ತಿತ್ತು.

ಮಾರ್ಚ್ 4

ತಲೆನೋವು. ಎಲ್ಲರ ಮೇಲೂ ರೇಗಾಟ. ಡಾಕ್ಟರ್ ಬರೆದುಕೊಟ್ಟ, ಚಟ ಬಿಡಿಸುವ ಗಮ್ ಅಗಿಯುತ್ತಿದ್ದೇನೆ — ಈ ಸಲ ನಿಜವಾದ ಗಮ್. ಬೈಲಪ್ಪಣ್ಣನ ಮನೆಗೆ ಹೋಗಿ ನಾನೇ ಹೇಳಿದೆ.

"ಸದ್ಯಕ್ಕೆ ಲೀಡ್ ಬೇರೆಯವರಿಗೆ ಕೊಡಿ ಅಣ್ಣ. ನಾನು ಹಿಂದೆ ನಿಂತ್ಕೋತೀನಿ. ಉಸಿರು ಬರ್ಲಿ."

"ಬಾಯಿ ಬಿಟ್ಟು ಹೇಳಕ್ಕೆ ಬಂತಲ್ಲ. ಉಸಿರೂ ಬರತ್ತೆ ಬಿಡು."

ಮಾರ್ಚ್ 19

ಸೋತೆ. ಒಂದು ಸಿಗರೇಟ್, ಮೆಟ್ರೋ ಸ್ಟೇಷನ್ ಕೆಳಗೆ. ಚಪ್ಪಲಿ ಬಿಡುವ ಮೊದಲೇ ವಿಜಿಗೆ ಹೇಳಿದೆ. "ಸರಿ. ನಾಳೆ ಮತ್ತೆ ಒಂದನೇ ದಿನ" ಎಂದಳು. ಕಾಫಿ ಕೊಟ್ಟಳು.

ಏಪ್ರಿಲ್ 26, ಮಧ್ಯಾಹ್ನ

ಮೂವತ್ತೆಂಟನೇ ದಿನ. ಜಯನಗರದ ಛತ್ರ. ಇವತ್ತು ಲೀಡ್ ಮತ್ತೆ ನನ್ನದು. ಉದ್ದ ಸ್ವರ ಹಿಡಿದೆ — ಕೊನೆಯವರೆಗೂ ಹೋಯಿತು. ಉಸಿರು ಪೂರ್ತಿ ಮರಳಿಲ್ಲ, ಆದರೆ ಮರಳುತ್ತಿದೆ. ಗೊತ್ತಾಗುತ್ತಿದೆ ನನಗೆ.

ಊಟವಾದ ಮೇಲೆ ಡ್ರಮ್ ಬಾರಿಸುವ ಕರಿಬಸವಯ್ಯ ಪಕ್ಕಕ್ಕೆ ಕರೆದರು.

"ಗುರು, ಬೀಡಿ ಬಿಡ್ಬೇಕು ಅಂತಿದೀನಿ. ಅದೇನೋ ಎಲೆಕ್ಟ್ರಿಕ್ ಸಿಗರೇಟ್ ಸೇದ್ತಿದ್ಯಂತಲ್ಲ, ಎಲ್ಲಿ ಸಿಗತ್ತೆ?"

"ಕೈ ತೊಳ್ಕೊಂಡು ಬನ್ನಿ. ಕೂತು ಮಾತಾಡಣ."

ಮೆಟ್ಟಿಲ ಮೇಲೆ ಅವರಿಗೆ ಜಾಗ ಬಿಟ್ಟು ಕೂತಿದ್ದೇನೆ. ಎಲ್ಲಿ ಸಿಗುತ್ತದೆ ಅಂತ ಹೇಳುವುದಿಲ್ಲ. ಉಳಿದದ್ದೆಲ್ಲ ಹೇಳುತ್ತೇನೆ, ನನಗೆ ನಾಚಿಕೆಯಾಗುವುದನ್ನೂ ಸೇರಿಸಿ. ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಾರೆ. ಮೊದಲು ಆ ಚೂಯಿಂಗ್ ಗಮ್ ಸುಳ್ಳಿನಿಂದಲೇ ಶುರು.