ಕಿವಿಯಲ್ಲಿ ಹೇಳಬೇಕಾಗಿದ್ದ ಮಾತು

ಹೊಲಿಗೆ ಅಂಗಡಿಯಿಂದ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಚೂಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಕೆಮ್ಮು ಹೋಯಿತೋ, ಇಲ್ಲಾ ಹಾಸ್ಟೆಲಿನ ತಣ್ಣೀರಿನಲ್ಲೇ ತಲೆಸ್ನಾನ ನಡೆದಿದೆಯೋ? ನಿಮ್ಮಮ್ಮ ಗುಂಡುಕಲ್ಲಿನ ಹಾಗಿದ್ದಾಳೆ, ನನ್ನನ್ನು ಬೈಯುವಷ್ಟು ಉಸಿರು ಇನ್ನೂ ಧಾರಾಳವಾಗಿದೆ. ನಿಮ್ಮತ್ತೆಯ ಮಂಡಿನೋವು ಮಾತ್ರ ಹಾಗೇ ಇದೆ. ನನಗೇನು, ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವ ದೇಹ ಎಂದು ಹೋದ ವಾರದವರೆಗೆ ಬೀದಿಯೆಲ್ಲ ನಂಬಿತ್ತು. ಈಗ ಚಹಾ ಅಂಗಡಿಯವನು ನಾನು ಕೇಳದೆಯೇ ಸಕ್ಕರೆಯಿಲ್ಲದ ಚಹಾ ಮುಂದಿಡುತ್ತಾನೆ. ಯಾಕಯ್ಯಾ ಎಂದರೆ "ಸುಮ್ನೆ ಟೈಲರಣ್ಣ, ಒಳ್ಳೇದು" ಎಂದು ಹಲ್ಲು ಕಿಸಿಯುತ್ತಾನೆ. ಕ್ಷೌರದವನು ಕುತ್ತಿಗೆಗೆ ಕತ್ತಿ ಹಿಡಿದುಕೊಂಡೇ "ಗಾಯ ಆದ್ರೆ ನಿಮ್ಗೆ ಬೇಗ ಮಾಯಲ್ಲ, ಅಲ್ವಾ?" ಎನ್ನುತ್ತಾನೆ. ಇವರಿಗೆಲ್ಲ ನನ್ನ ರಕ್ತದ ಸುದ್ದಿ ಮುಟ್ಟಿಸಿದವರು ಯಾರು?

ಫೋನಿನಲ್ಲಿ ಇದನ್ನೆಲ್ಲ ಮಾತಾಡಲು ನನಗೆ ಧೈರ್ಯವಿಲ್ಲ. ಆ ಕಡೆ ಯಾರ ಕಿವಿ ಇರುತ್ತದೋ ಯಾರಿಗೆ ಗೊತ್ತು! ಈ ಕಾಗದವನ್ನು ನಿನ್ನ ಹಾಸ್ಟೆಲಿನ ಕಡೆ ಬರುವ ಬ್ರೆಡ್ ವ್ಯಾನಿನವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ಮೇಲೂ ನಂಬಿಕೆ ಅಷ್ಟಕ್ಕಷ್ಟೇ, ಅದಕ್ಕೇ ಲಕೋಟೆಯ ನಾಲ್ಕೂ ಅಂಚನ್ನು ಮೆಷಿನ್ನಿನಲ್ಲಿ ಹೊಲಿದೇ ಕೊಡುತ್ತೇನೆ. ಹೊಲಿಗೆ ಬಿಚ್ಚಿದ್ದರೆ ಅವನ ಮುಖ ನೋಡಿಟ್ಟುಕೋ.

ಹೋದ ಸಲ ನೀನು ಬಂದಾಗ, ಅಮ್ಮನ ರಕ್ತಪರೀಕ್ಷೆಯ ರಿಪೋರ್ಟ್ ತೆಗೆಯಲು ಹೋಗಿ, ಲ್ಯಾಬಿನ ವೆಬ್‌ಸೈಟಿನಲ್ಲಿ ಒಂದು ಅಂಕಿ ಬದಲಿಸಿದರೆ ಊರವರ ರಿಪೋರ್ಟೆಲ್ಲ ತೆರೆದುಕೊಳ್ಳುತ್ತದೆ ಎಂದು ನನಗೆ ತೋರಿಸಿದೆಯಲ್ಲ? ಲ್ಯಾಬಿನವರಿಗೆ ಮೊದಲು ಹೇಳೇ ಎಂದದ್ದಕ್ಕೆ ನೀನೇನೆಂದೆ? "ಗುಟ್ಟಾಗಿ ಹೇಳಿದ್ರೆ ಗುಟ್ಟಾಗೇ ಹೂತುಹಾಕ್ತಾರೆ ಮಾವ. ಎಲ್ಲರ ಮುಂದೆ ಹೇಳಿದ್ರೆ ಓಡಿಬಂದು ಸರಿ ಮಾಡ್ತಾರೆ." ಸುಳ್ಳು ಹೆಸರಿಟ್ಟು, ಚಿತ್ರ ಸಮೇತ, ಹೇಗೆ ಮಾಡಬೇಕೆಂದು ಇಂಟರ್ನೆಟ್ಟಿನಲ್ಲಿ ಬರೆದವರು ಯಾರೆಂದು ಮೊಬೈಲ್ ರಿಪೇರಿಯವನು ಓದಿ ಹೇಳುವಾಗಲೇ ನನಗೆ ತಿಳಿಯಿತು. ಲ್ಯಾಬಿನವರು ಓಡಿಬರಲಿಲ್ಲ ಮಗಳೇ. ಬೀದಿಯೇ ಓಡಿತು.

ಈಗ ಇಲ್ಲಿ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡುವುದಿಲ್ಲ. ದಿನಸಿಯವನು ನಕ್ಕರೆ ಏನು ಓದಿಕೊಂಡು ನಕ್ಕನೋ ಎಂಬ ಅನುಮಾನ, ನಗದಿದ್ದರೆ ಇನ್ನೂ ಜಾಸ್ತಿ ಅನುಮಾನ. ನನ್ನದು ಹಾಳಾಗಲಿ. ಶಾಲೆ ಬಸ್ಸಿನ ಡ್ರೈವರ್ ಇದ್ದಾನಲ್ಲ, ನಿನ್ನನ್ನು ಚಿಕ್ಕಂದಿನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದವನು, ಅವನಿಗೆ ಕ್ಷಯ ಬಂದು ಪೂರ್ತಿ ವಾಸಿಯಾಗಿದೆ. ಯಾರೋ ಹಳೇ ರಿಪೋರ್ಟ್ ತೆಗೆದು ಮಕ್ಕಳ ತಂದೆತಾಯಿಗೆಲ್ಲ ಹಂಚಿದರು. ಸೋಮವಾರದಿಂದ ಅವನನ್ನು ಬಸ್ಸು ಹತ್ತಲು ಬಿಟ್ಟಿಲ್ಲ. ನನ್ನ ಅಂಗಡಿ ಮುಂದೆ ಬಂದು ನಿಂತ, ಒಳಗೆ ಕರೆದರೆ "ಬೇಡಣ್ಣ, ಗಿರಾಕಿ ಎದ್ದು ಹೋಗ್ತಾರೆ" ಅಂದ.

ಹಳ್ಳಿ ಶಾಲೆಯ ಏಳನೇ ಕ್ಲಾಸು ನನ್ನದು, ಆದರೂ ನನ್ನ ಬುದ್ಧಿಗೆ ಈ ಸೀಮೆಯಲ್ಲಿ ಸಾಟಿಯಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಗಿರಾಕಿಗಳ ಸೊಂಟದ ಅಳತೆಯನ್ನು ನಾನು ಯಾವತ್ತೂ ಎರಡಿಂಚು ಕಡಿಮೆ ಮಾಡಿ ಕೂಗುತ್ತೇನೆ, ನಿಮ್ಮತ್ತೆ ಎರಡಿಂಚು ಸೇರಿಸಿ ಬಟ್ಟೆಯ ಅಂಚಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾಳೆ. ಪಕ್ಕದಲ್ಲಿ ಕೂತ ನರಪಿಳ್ಳೆಗೂ ನಿಜ ತಿಳಿಯುವುದಿಲ್ಲ. ಸಭೆಯಲ್ಲಿ ಒಬ್ಬನ ಪ್ಯಾಂಟಿನ ಹಿಂದೆ ಹೊಲಿಗೆ ಬಿಟ್ಟಿದ್ದರೆ ಕಿವಿಯಲ್ಲಿ ಹೇಳಬೇಕು. ಅವನು ಸರಿಮಾಡಿಕೊಳ್ಳದೆ ಹಾಗೇ ಮೆರೆದರೆ ಆಮೇಲೆ ಮೈಕು ಹಿಡಿ, ಯಾರು ಬೇಡ ಅಂದರು?

ಲ್ಯಾಬಿನ ಯಜಮಾನ ಸಾಚಾ ಎಂದು ನಾನು ಹೇಳುತ್ತಿಲ್ಲ. ನಿನ್ನೆ ಕೋಟಿನ ತೋಳು ಗಿಡ್ಡ ಮಾಡಿಸುವ ನೆಪದಲ್ಲಿ ಬಂದ. ತೋಳು ಸರಿಯಾಗಿಯೇ ಇತ್ತು. "ನಮಗೊಂದು ಮಾತು ಹೇಳಿದ್ರೆ ಸಂಜೆಯೊಳಗೆ ಮುಚ್ತಿದ್ವಿ" ಎಂದು ಕಣ್ಣೀರಿಲ್ಲದೆ ಅತ್ತ. ಆದರೆ ತೂತು ಇವತ್ತಿಗೂ ತೆರೆದೇ ಇದೆ. ತೂತು ಮುಚ್ಚುವುದು ಬಿಟ್ಟು, ತೂತು ತೋರಿಸಿದ ಬೆರಳನ್ನು ಹುಡುಕುತ್ತಿದ್ದಾನೆ. ಪೊಲೀಸರಿಗೂ ದೂರು ಕೊಟ್ಟಿದ್ದಾನಂತೆ. ಹೋಗುವಾಗ ಬಾಗಿಲಲ್ಲಿ ನಿಂತು "ನಿಮ್ಮ ಅಕ್ಕನ ಮಗಳು ಕಂಪ್ಯೂಟರಲ್ಲಿ ಭಾರೀ ಚುರುಕಂತೆ?" ಅಂದ.

ನೀನು ಬರೆದದ್ದನ್ನು ಈ ಕಾಗದ ಕೈಸೇರಿದ ಕ್ಷಣವೇ ಅಳಿಸು. ಡ್ರೈವರಿಗೆ ನಿನ್ನ ಕೈಯಾರೆ ನಾಲ್ಕು ಸಾಲು ಬರೆ, ಅದನ್ನು ನಾನು ಬರೆಯಲಾರೆ. ನಿನ್ನ ಬುದ್ಧಿಗೆ ದೃಷ್ಟಿ ತಾಗದಿರಲಿ, ನಿನ್ನ ಅವಸರಕ್ಕೊಂದು ಗುಂಡಿ ಕಾಜಾ ಬೀಳಲಿ. ಅತ್ತೆಯೂ ಹರಸಿದ್ದಾಳೆ.

ಇಂತಿ ನಿನ್ನ,
ಕತ್ತರಿ ಮಾವ

ತಾ.ಕ.: ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಯಜಮಾನ ನಿನ್ನ ಮಾತೆತ್ತಿದಾಗ, "ಅವಳಿಗೇನ್ ಬರುತ್ತೆ, ಅದನ್ನ ಬರೆದಿದ್ದು ನಾನು" ಎಂದುಬಿಟ್ಟೆ. ಮೊದಲು ನಕ್ಕ. ನಾನು ನಗಲಿಲ್ಲ, ಅವನೂ ನಿಲ್ಲಿಸಿದ. ಶುಕ್ರವಾರ ಪೊಲೀಸರ ಮುಂದೆ ಮಾಡಿ ತೋರಿಸಬೇಕಂತೆ. ನೀನು ಬರುವ ಯೋಚನೆ ಮಾಡೀಯೆ ಜೋಕೆ! ನಾಳೆ ಇದೇ ವ್ಯಾನಿನಲ್ಲಿ ಎಲ್ಲವನ್ನೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದು ಕಳಿಸು. ಯಾವ ಅಂಕಿ, ಎಲ್ಲಿ ಬದಲಿಸಬೇಕು ಎಲ್ಲಾ. ಕಂಪ್ಯೂಟರ್ ಆನ್ ಮಾಡುವುದು ಹೇಗೆ ಎಂಬಲ್ಲಿಂದ ಶುರುಮಾಡು.