ಅಲುಗಾಡದೆ ನಿಂತ ಡಿಸ್ಕು

ಹುಮನಾಬಾದ್, ಸೋಮವಾರ

ಅಪ್ಪಾ, ಜೈಭೀಮ್.

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ನೀವು ಬೇಜಾರಾಗಿ ಹೋಗಿ ಕೂತ ಬಸವಕಲ್ಯಾಣದ ಅತ್ತೆಯ ಮನೆಗೆ ಈ ಪತ್ರ. ನೀವು ತಪ್ಪಿ ಅಳಿಸಿದ, ತೀರಿಹೋದ ಅವ್ವನ ವಿಡಿಯೊಗಳೆಲ್ಲ ಸಿಕ್ಕವು.

ಕಂಪ್ಯೂಟರಿನ ಡಿಸ್ಕಿನಲ್ಲಿದ್ದುದರ ಕಾಪಿಯನ್ನು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ಟಿನ ಉಗ್ರಾಣಕ್ಕೆ, ಕಳಿಸುವ ಮೊದಲು ನಾನು ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆದಿದ್ದೆ. "ಡಿಸ್ಕಿಗೆಂಥಾ ಫೋಟೋ ಬೇ?" ಎಂದು ನಕ್ಕಿದ್ದಿರಿ. ಸ್ಟುಡಿಯೋದಲ್ಲಿ ನೀವು ಗಿರಾಕಿಗಳಿಗೆ "ಅಲುಗಾಡಬ್ಯಾಡ್ರಿ" ಅನ್ನುತ್ತೀರಲ್ಲ, ಸ್ನ್ಯಾಪ್‌ಶಾಟ್ ಅಂದರೆ ಡಿಸ್ಕಿಗೆ ಹಾಗೆ ಹೇಳಿ, ಆ ಗಳಿಗೆಯಲ್ಲಿ ಇದ್ದದ್ದನ್ನು ಇದ್ದಂತೆಯೇ ಹಿಡಿದಿಟ್ಟಂತೆ. ಕಾಪಿ ಹೋಗುತ್ತಿರುವಾಗಲೇ ನೀವು ಅಳಿಸಿದಿರಿ. ಆದರೆ ಕ್ಲೌಡ್‌ಗೆ ಹೋಗಿ ಸೇರಿದ್ದು ನೀವು ಅಳಿಸುವ ಮೊದಲೇ ಸ್ನ್ಯಾಪ್‌ಶಾಟ್‌ನಲ್ಲಿ ನಿಂತಿದ್ದ ಡಿಸ್ಕು, ಪೂರ್ತಿಯಾಗಿ.

ಗುರುವಾರ ಶಾಲೆಯ ಗ್ರೂಪ್ ಫೋಟೋ ಇದೆ, ಬನ್ನಿ. ಗಡಿಬಿಡಿಯಲ್ಲಿ ಒಯ್ದ ಟ್ರೈಪಾಡನ್ನೂ ತನ್ನಿ.

ಕೊನೆಯ ವಿಡಿಯೊದಲ್ಲಿ ಅವ್ವ ನಿಮಗೇ ಹೇಳುತ್ತಿದ್ದಾಳೆ: "ಏನ್ರಿ, ಬಟನ್ ನೋಡಿ ಒತ್ತರಿ."

ನಿಮ್ಮ ಮಗಳು,
ಪ್ರಣಿತಾ