ಕೆಂಪರಾಜನ ಬಲಗಾಲು

ಪುತ್ತೂರು, ಆಂಧ್ರ
12-9-91

ತಂಗಿ ಅಮ್ಮಯಮ್ಮನಿಗೆ,

ನಾನು ಬಂದೆನೆಂದು ತಿಳಿದು ಇಲ್ಲಿಯ ಮೂಳೆ ವೈದ್ಯರೇ ಎದ್ದು ಬಂದು ನನ್ನಿಂದ ನಾಡಿ ನೋಡಿಸಿಕೊಂಡರು! ಫುಟ್‌ಬಾಲ್ ಕ್ಲಬ್ಬಿಗೆ ಸೇರಿದ ಎರಡನೇ ಮ್ಯಾಚಿನಲ್ಲೇ, ನಡುಮೈದಾನದಲ್ಲಿ ಮುರಿದ ನಿನ್ನ ಮಗನ ಕಾಲಿಗೆ ಸೊಪ್ಪು, ಮೊಟ್ಟೆ ಬಳಿದು ಬಿದಿರುಪಟ್ಟಿ ಕಟ್ಟಿದ್ದಾರೆ. ಛತ್ರದ ತುಂಬ ಕಟ್ಟಿನವರೇ. ಕೈ ಮುರಿದವನಿಗೆ ಕಾಲು ಮುರಿದವನು ಅನ್ನ ತಿನ್ನಿಸುತ್ತಾನೆ.

"ಮಾವ, ಯಾವಾಗ ಆಡ್ತೀನಿ ಕೇಳು" ಅಂದ ಕೆಂಪರಾಜ. ನಡೆಯಬಹುದು, ಚೆಂಡಾಟ ಮರೆತುಬಿಡಲಿ ಎಂದರು ವೈದ್ಯರು. ಆಗಿನಿಂದ ಅವನು ಗೋಡೆಗೆ ಮುಖ ಹಾಕಿದ್ದಾನೆ.

ಕ್ಲಬ್ಬಿನವರು ಅವನ ಆಟಕ್ಕೆಂದು ನನ್ನ ಕೈಗೆ ಕೊಟ್ಟ ಮುಂಗಡ ವಾಪಸ್ ಕೇಳಿ ಬಂದರೆ ನಾನಿಲ್ಲ ಅನ್ನು. ಇಲ್ಲಿ ಒಂಟಿ ಕೈಯವರೆಲ್ಲ ಸೇರಿ ಇಸ್ಪೀಟಿನಲ್ಲಿ ನನ್ನನ್ನು ಬೋಳಿಸಿದರು. ಐವತ್ತು ರೂಪಾಯಿ ಹೋಯಿತು.

ಕಾರ್ಡು ಮುಗಿಯಿತು.
ನಿನ್ನಣ್ಣ ಮುನಿವೆಂಕಟಪ್ಪ

ಐವತ್ತಲ್ಲ ತಂಗಿ. ಮುಂಗಡವಷ್ಟೂ, ನಾಲ್ಕು ಸಾವಿರ.